ನೆರಳು ಮುಟ್ಟಿದಲ್ಲೆಲ್ಲ ನಮ್ಮ ಬೆಲೆ

ನಮ್ಮೂರ ಬುರುಜಿನ ನೆರಳು ಸೂರ್ಯನ ಮಾತು ಕೇಳುತ್ತಿರಲಿಲ್ಲ. ಬೆಳಗಿನ ಬಿಸಿಲಿರಲಿ ಬೈಗಿನ ಬಿಸಿಲಿರಲಿ, ಅದು ಚಾಚುತ್ತಿದ್ದುದು ಮೂಡಲಿಗೇ, ಗಾಡಿದಾರಿಯ ಗುಂಟ. ಅದರ ಉದ್ದ ಕೂಡ ಹೊತ್ತು ನೋಡಿಕೊಂಡು ಹೆಚ್ಚುಕಡಿಮೆಯಾಗುತ್ತಿರಲಿಲ್ಲ. ಬುರುಜಿನ ಮೇಲೆ ಈಟಿ ಹಿಡಿದು ಎಷ್ಟು ಜನ ನಿಂತಿದ್ದಾರೋ ಅದರ ಮೇಲೆ ಹೋಗುತ್ತಿತ್ತು. ಒಬ್ಬ ಹತ್ತಿದನೆಂದರೆ ನೆರಳು ಒಂದು ಹೊಲ ಮುಂದಕ್ಕೆ. ಒಬ್ಬ ಹೊಟ್ಟೆ ಕೆಟ್ಟು ಕೆಳಗಿಳಿದನೆಂದರೆ ಒಂದು ಹೊಲ ಹಿಂದಕ್ಕೆ. ಆ ನೆರಳು ಮುಟ್ಟಿದ ಕಡೆಯೆಲ್ಲ ಅಕ್ಕಿ, ಉಪ್ಪು, ಬಟ್ಟೆ, ಬೆಲ್ಲ ಏನೇ ಇರಲಿ, ನಮ್ಮೂರು ಹೇಳಿದ್ದೇ ಬೆಲೆ, ಬುರುಜಿನ ಮುದ್ರೆ ಒತ್ತಿದ ನಮ್ಮ ಬಿಲ್ಲೆಯೇ ಹಣ. ನೆರಳಿನಲ್ಲಿ ನಿಂತು ಬೇರೆ ಬೆಲೆ ಹೇಳಹೋದವರ ನಾಲಿಗೆ ಏಳುತ್ತಿರಲಿಲ್ಲ. ಅದು ಹಾಗೇ. ಮಳೆ ಯಾಕೆ ಕೆಳಕ್ಕೆ ಬೀಳುತ್ತದೆ ಎಂದು ಯಾರು ಕೇಳುತ್ತಾರೆ?

ನಾನು ಬುರುಜಿನ ಬುಡದಲ್ಲಿರುವ ಕೆಂಪಮ್ಮನ ಗುಡಿಯ ದೀಪ ನೋಡಿಕೊಳ್ಳುವವನು. ದೀಪದವನಿಗೆ ಪಹರೆ ಇಲ್ಲ ಎನ್ನುವುದು ಹಿರಿಯರ ಕಟ್ಟಳೆ. ಹಾಗಾಗಿ ಊರೆಲ್ಲ ಮೇಲೆ ಹತ್ತಿದಾಗಲೂ ನಾನು ಕೆಳಗಿದ್ದೆ, ಇದನ್ನೆಲ್ಲ ಕಂಡೆ. ಕಾಣದೆ ಉಳಿದಷ್ಟನ್ನು ಬಂಗಾರೆವ್ವ ಆಮೇಲೆ ಹೇಳಿದಳು. ಅವಳು ಸುಳ್ಳು ಹೇಳುವವಳಲ್ಲ; ಸುಳ್ಳಿಗೆ ಬೇಕಾದಷ್ಟು ಪುರುಸೊತ್ತು ಅವಳಿಗೆ ಯಾವತ್ತೂ ಇರಲಿಲ್ಲ.

ಬಂಗಾರೆವ್ವ ಬಣ್ಣದ ಕೇರಿಯವಳು. ನೆರಳಿನ ಹೆಸರು ಎದ್ದುದು ಆಮೇಲೆ. ಮೊದಲು ನಮ್ಮೂರ ಹೆಸರಿದ್ದುದು ಅವರ ಕೇರಿಯ ಕೆಂಪಿನಿಂದ. ಒಗೆದರೂ ಹೋಗದ ಕೆಂಪು. ಸೀರೆ ಹರಿದು, ಕೌದಿಯಾಗಿ, ಕೌದಿಯೂ ಹರಿದು, ಕೈಮಸಿ ಬಟ್ಟೆಯಾದರೂ ಬಣ್ಣ ಮಾತ್ರ ಮದುವೆಯ ದಿನದಷ್ಟೇ ಗಟ್ಟಿ. ಆ ಕೆಂಪು ಬೇರಿನಿಂದ ಬರುತ್ತದೆ ಎಂದು ಹೊರಗಿನವರು ತಿಳಿದಿದ್ದರು. ಬೇರು ಯಾವ ಕಾಡಿನಲ್ಲೂ ಸಿಗುತ್ತದೆ. ಗುಟ್ಟಿದ್ದುದು ಹೆಪ್ಪಿನಲ್ಲಿ. ಮೊಸರಿಗೆ ಹೇಗೋ ಬಟ್ಟೆ ಅದ್ದುವ ಬಣ್ಣದ ಬಾನಿಗೂ ಹಾಗೆ. ಹಳೆಯ ಬಾನಿಯ ಒಂದು ತಂಬಿಗೆ ಹೊಸ ಬಾನಿಗೆ ಸುರಿದರೇ ಅದು ಕೆಂಪು ಹಿಡಿಯುವುದು. ಆ ಹೆಪ್ಪು ಜೀವ ಇರುವ ವಸ್ತು. ಮೂರು ಹೊತ್ತು ಕಲಕಬೇಕು, ದಿನಕ್ಕೊಮ್ಮೆ ಬಿಸಿಲು ಕಾಣಿಸಬೇಕು, ಎದುರಿಗೆ ಜಗಳ ಆಡಬಾರದು. ಒಂದು ಮನೆಯ ಬಾನಿ ಸತ್ತರೆ ಪಕ್ಕದ ಮನೆಯಿಂದ ಹೆಪ್ಪು ತರುತ್ತಿದ್ದರು. ಕೇಳಿದವರಿಗೆ ಇಲ್ಲ ಅನ್ನಬಾರದು ಎನ್ನುವುದು ಕೇರಿಯ ನೇಮ. ಅತ್ತೆ ಸೊಸೆ ಮಾತು ಬಿಟ್ಟ ಮನೆಗಳಲ್ಲೂ ಹೆಪ್ಪು ಮಾತ್ರ ಗೋಡೆ ದಾಟಿ ಹೋಗುತ್ತಿತ್ತು.

ವರ್ಷದ ಮೊದಲ ಕೆಂಪು ಸೀರೆ ಕೆಂಪಮ್ಮನಿಗೆ. ಅದನ್ನು ಉಡಿಸುವಾಗ ನನ್ನ ಬೆರಳ ತುದಿಗೂ ಒಂದಿಷ್ಟು ಬಣ್ಣ ಹತ್ತುತ್ತಿತ್ತು. ತಾಯಿ ನನ್ನ ಕೈ ಹಿಡಿದಳು ಎಂದುಕೊಂಡು ಆ ದಿನವೆಲ್ಲ ಕೈ ತೊಳೆಯುತ್ತಿರಲಿಲ್ಲ.

ಆ ಕಾಲದಲ್ಲಿ ಬುರುಜಿನ ಮೇಲೆ ಇದ್ದುದು ಬೆರಳೆಣಿಕೆಯ ಜನ. ಕೆಂಪಿಗಾಗಿ ಬರುವ ಗಾಡಿಗಳಿಗೆ ಕಳ್ಳರ ಕಾಟ ಇರಬಾರದೆಂದು ಬಣ್ಣದ ಕೇರಿಯವರೇ ಅಕ್ಕಿ ಬೇಳೆ ಕೊಟ್ಟು ಅವರನ್ನು ಇಟ್ಟಿದ್ದರು. ನೆರಳೂ ಸಂತೆಮಾಳದ ಆಚೆ ಹೋಗುತ್ತಿರಲಿಲ್ಲ. ಆದರೆ ಜನಕ್ಕೆ ನೆನಪಿಗಿಂತ ನೆರಳು ದೊಡ್ಡದು. ದಳವಾಯಿ ವೀರಭಂಟಪ್ಪನವರು ಪಟ್ಟಕ್ಕೆ ಬರುವ ಹೊತ್ತಿಗೆ, ಗಾಡಿಗಳು ಬರುವುದೇ ನೆರಳಿಗೆ ಹೆದರಿ ಎಂದು ಊರೆಲ್ಲ ನಂಬಿತ್ತು. ಗುಡಿಯ ಕಟ್ಟೆಯ ಮೇಲೆ ಕೂತು ಹಣ್ಣು ಹಣ್ಣು ಮುದುಕರು ಕೂಡ, "ಈಟಿ ಐತೆ ಅಂತ ನಮ್ಮ ಬಿಲ್ಲೆ ನಡೀತೈತೆ ಕಣಪ್ಪ, ಕೆಂಪು ಗಿಂಪು ಎಲ್ಲಾ ಆಮೇಲೆ" ಅನ್ನುತ್ತಿದ್ದರು. ಅವರಲ್ಲಿ ಇಬ್ಬರು ಬಣ್ಣಗಾರರೇ.

ದಳವಾಯಿ ಕೆಟ್ಟವರಲ್ಲ. ಈ ಮಾತನ್ನು ತಾಯಿಯ ಮುಂದೆ ನಿಂತು ಹೇಳುತ್ತೇನೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಕುಂಕುಮ ಇಟ್ಟು, ಬುರುಜು ಹತ್ತಿ ನೆರಳಿನ ತುದಿ ನೋಡುತ್ತಿದ್ದರು. ಬುರುಜಿನ ಮೇಲೆ ನಿಂತವರಿಗೆ ನೆರಳಿನ ತುದಿ, ಅದೆಷ್ಟು ದೂರವಿದ್ದರೂ, ಅಂಗೈ ಗೆರೆಯಂತೆ ಸ್ಪಷ್ಟ ಕಾಣುತ್ತಿತ್ತು. ಆಮೇಲೆ ಡಂಗುರದವನು ಸಾರುತ್ತಿದ್ದ: "ನೆರಳು ಇವತ್ತು ಕುಂಟೆಹಳ್ಳದ ಆಚೆ ದಡ ಮುಟ್ಟೈತ್ರಪ್ಪೋ!" ಜನ ಚಪ್ಪಾಳೆ ತಟ್ಟುತ್ತಿದ್ದರು. ಮನೆಯಲ್ಲಿ ಹಿಟ್ಟು ಮುಗಿದಿದ್ದವರೂ ತಟ್ಟುತ್ತಿದ್ದರು.

ಹಳ್ಳದಾಚೆ ಒಂದು ಸಂತೆ ಶುರುವಾದದ್ದು ಆಗ. ಕಾಸೀಂಸಾಬ ಎಂಬ ಮುದುಕ ವ್ಯಾಪಾರಿ ಅಲ್ಲಿ ಎಂಥದೋ ಇಟ್ಟಿಗೆ ಬಣ್ಣದ ಬಟ್ಟೆ ಮಾರುತ್ತಾನಂತೆ, ಒಗೆದರೆ ಹೊಳೆಯೇ ಕೆಂಪಾಗುತ್ತದಂತೆ, ಆದರೆ ಅಗ್ಗವಂತೆ ಎಂದು ಸುದ್ದಿ ಬಂತು. ದಳವಾಯಿ ನಕ್ಕರು. "ನಾಲ್ಕು ಜನ ಹತ್ತಿಸಿದರೆ ಆಯಿತು, ನೆರಳು ಸಂತೆ ಮೇಲೇ ಕೂರುತ್ತೆ" ಎಂದರು. ಬಣ್ಣದ ಕೇರಿಯಿಂದ ನಾಲ್ಕು ಮನೆಯ ಗಂಡಸರು ಹತ್ತಿದರು. ನೆರಳು ಸಂತೆಯ ಮೇಲೆ ಕೂತಿತು. ಮಾರನೆಯ ವಾರ ಸಂತೆ ನಾಲ್ಕು ಹೊಲ ದಾಟಿ ಕೂತಿತು. ಸಂತೆಗೇನು ಬೇರಿದೆಯೇ? ಗೋಣಿಚೀಲ ಮಡಚಿದರೆ ಎದ್ದು ನಡೆಯುತ್ತದೆ. ಬುರುಜಿಗೆ ಅದು ಬರುವುದಿಲ್ಲ.

ಹೀಗೇ ನಡೆಯಿತು. ಸಂತೆ ಸರಿದಂತೆ ಜನ ಹತ್ತಿದರು, ಜನ ಹತ್ತಿದಂತೆ ಸಂತೆ ಸರಿಯಿತು. ಹತ್ತಿದವರಿಗೆ ಅನ್ನ ಹಾಕಬೇಕಲ್ಲ, ಬಣ್ಣದ ಬಟ್ಟೆಯ ಮೇಲೆ ಸುಂಕ ಏರಿತು. ಸುಂಕ ಏರಿದ್ದಕ್ಕೆ ಇನ್ನಷ್ಟು ಗಾಡಿಗಳು ಕಾಸೀಂಸಾಬನ ಕಡೆ ತಿರುಗಿದವು. ಅದಕ್ಕೆ ಇನ್ನಷ್ಟು ಜನ ಹತ್ತಿದರು. ನೆರಳು ಉದ್ದವಾದಂತೆ ಅಗಲವೂ ಆಗಿ, ಕೇರಿಯವರು ಬಟ್ಟೆ ಒಣಗಿಸುವ ಬಯಲನ್ನೂ ನುಂಗಿತು. ಕೇರಿಯಲ್ಲಿ ಬಾನಿಗಳು ಒಂದೊಂದಾಗಿ ಹುಳಿ ಬಂದು ಸತ್ತವು. ಬದುಕಿದ್ದ ಬಾನಿಯಿಂದ ಹೆಪ್ಪು ತಂದರು. ಕಲಕುವ ಕೈಯಿಲ್ಲದೆ ಅದೂ ಸತ್ತಿತು.

ಬಂಗಾರೆವ್ವನ ಗಂಡ ಸೋಬಣ್ಣನನ್ನು ಕರೆದದ್ದು ಯುಗಾದಿ ಕಳೆದ ಮೇಲೆ. ಅವನ ತೋಳು ಅಂಥದು, ಬಾನಿಯೊಳಗೆ ಕೋಲಾಡಿಸಿದರೆ ಒಂದು ಹನಿ ಹೊರಗೆ ಚೆಲ್ಲುತ್ತಿರಲಿಲ್ಲ. ರುಮಾಲು ಕೊಡುತ್ತಾರೆ, ಎರಡು ಹೊತ್ತು ಅನ್ನ ಹಾಕುತ್ತಾರೆ ಎಂದು ಕೇಳಿ ಮದುಮಗನ ಹಾಗೆ ಹತ್ತಿಹೋದ. ಎರಡು ಹೊತ್ತಿನದು ಒಂದು ಹೊತ್ತಾದ ಮೇಲೆ ಬಂಗಾರೆವ್ವನೇ ಮಧ್ಯಾಹ್ನ ಬುತ್ತಿ ತಂದು ಹಗ್ಗಕ್ಕೆ ಕಟ್ಟುತ್ತಿದ್ದಳು. ಅವರ ಸಂಸಾರ ನಡೆಯುತ್ತಿದ್ದುದು ನನ್ನ ಗುಡಿಯ ಮುಂದೆ, ಕೂಗಾಟದಲ್ಲಿ.

"ಅಲ್ಲಿ ನಿಂತು ಏನ್ ಮಾಡ್ತೀಯ?" ಎಂದು ಅವಳು ಕೆಳಗಿನಿಂದ.

"ನಿಂತಿರ್ತೀನಿ" ಎಂದು ಅವನು ಮೇಲಿನಿಂದ.

"ನಿಂತ್ರೆ ಏನಾಗುತ್ತೆ?"

"ನೆರಳಾಗುತ್ತೆ ಕಣೇ!"

"ನಮ್ಮ ಹುಣಸೆಮರಾನೂ ನಿಂತೈತೆ, ನೆರಳೂ ಆಗುತ್ತೆ, ಹಣ್ಣೂ ಕೊಡುತ್ತೆ. ಅದಕ್ಕೆ ಬುತ್ತಿ ಕಟ್ಟೋದೂ ಬೇಡ!"

ಮೇಲಿನ ಸಾಲೆಲ್ಲ ಗೊಳ್ಳೆಂದು ನಗುತ್ತಿತ್ತು. ಸೋಬಣ್ಣನೂ ನಗುತ್ತಿದ್ದ. ಬುತ್ತಿ ಮೇಲೇರುವಾಗ ಅವಳು ಹಗ್ಗ ಹಿಡಿದ ತನ್ನ ಬಲತೋಳನ್ನು ಎಡಗೈಯಿಂದ ಒತ್ತಿಕೊಳ್ಳುವುದು ಅಷ್ಟು ಎತ್ತರದಿಂದ ಅವನಿಗೆ ಕಾಣುತ್ತಿರಲಿಲ್ಲ. ಅಲ್ಲಿಂದ ಕಾಣುವುದು ನೆರಳಿನ ತುದಿ ಮಾತ್ರ. ಕೇರಿಯಲ್ಲಿ ಆಗ ಉಳಿದಿದ್ದುದು ಅವಳದೊಂದೇ ಬಾನಿ. ಅದು ಹೋದರೆ ಹೆಪ್ಪು ತರಲು ಪಕ್ಕದ ಮನೆಯಿರಲಿಲ್ಲ. ಮೂರು ಹೊತ್ತೂ ಒಬ್ಬಳೇ ಕಲಕುತ್ತಿದ್ದಳು. ಬಿಸಿಲು ಕಾಣಿಸಲು ಒಂದು ಮಡಕೆಯಲ್ಲಿ ಹೆಪ್ಪು ತೆಗೆದು ಬಯಲ ಅಂಚಿನ ಗುಡ್ಡಕ್ಕೆ ಹೊತ್ತುಕೊಂಡು ಹೋಗಿಬರುತ್ತಿದ್ದಳು.

ಒಂದು ದಿನ ದಳವಾಯಿಯೇ ಅವಳ ಮನೆಗೆ ಬಂದರು. ನನ್ನನ್ನೂ ಕರೆದಿದ್ದರು, ಶುಭ ಕಾರ್ಯವೆಂದು. ಬಂದ ಕೆಲಸವೇನೆಂದರೆ, ಹೊಸದಾಗಿ ಹತ್ತಿದವರಿಗೆಲ್ಲ ಕೆಂಪು ರುಮಾಲು ಬೇಕು.

"ಆಗ್ಲಿ ಬುದ್ಧಿ" ಎಂದಳು ಬಂಗಾರೆವ್ವ. "ಬಣ್ಣ ಹಾಕೋರನ್ನ ಕೆಳಗೆ ಕಳಿಸಿ, ಹಾಕಿಕೊಡ್ತಾರೆ."

"ಅವರು ಇಳಿದರೆ ನೆರಳು ಕುಗ್ಗುತ್ತಲ್ಲಮ್ಮ."

"ಹಂಗಾದ್ರೆ ಕಾಸೀಂಸಾಬರ ಸಂತೇಲಿ ತಗೊಳ್ಳಿ."

"ಅದು ನೆರಳಿನಿಂದ ಆಚೆ ಐತೆ. ಅವನು ಬಾಯಿಗೆ ಬಂದ ಬೆಲೆ ಹೇಳ್ತಾನೆ. ಅದಕ್ಕೇ ಈಗ ಒಂದು ದೊಡ್ಡ ಯೋಚನೆ ಮಾಡಿದೀನಿ." ದಳವಾಯಿಯ ಮುಖ ಅರಳಿತು. "ಬರೋ ಶುಕ್ರವಾರ ಊರಿಗೆ ಊರೇ ಹತ್ತಬೇಕು. ಹೆಂಗಸರು, ಮಕ್ಕಳು, ಗಾಣದವರು, ಕುಂಬಾರರು, ಎಲ್ಲಾ. ನೆರಳು ಒಂದೇ ಏಟಿಗೆ ಸಮುದ್ರದ ದಂಡೆ ಮುಟ್ಟುತ್ತೆ. ಹಡಗಿನೋರೂ ನಮ್ಮ ಬೆಲೆ ಕೇಳಬೇಕು. ಒಂದು ಸಲ ಮುಟ್ಟಿಬಿಟ್ಟರೆ ಆಮೇಲೆ ಊರಿಗೇ ವಿಶ್ರಾಂತಿ."

"ನಾನು ಹತ್ತಿದ್ರೆ ಬಾನಿ ಯಾರು ಕಲಕ್ತಾರೆ ಬುದ್ಧಿ? ಒಂದಿನ ಕಲಕದೇ ಇದ್ರೆ ಸತ್ತೋಗುತ್ತೆ."

ದಳವಾಯಿ ಬಾನಿಯ ಸುತ್ತ ಒಂದು ಸುತ್ತು ಬಂದರು. ಬೆರಳಿನಿಂದ ಅದರ ಕಂಠ ತಟ್ಟಿ ನೋಡಿದರು. "ಬಾನೀನೂ ಹೊತ್ತುಕೊಂಡು ಹತ್ತು" ಎಂದರು. "ಅದರ ನೆರಳೂ ಒಂದಿಷ್ಟು ಬೀಳುತ್ತಲ್ಲ."

ಹೇಳಿದೆನಲ್ಲ, ಅವರು ಕೆಟ್ಟವರಲ್ಲ. ಆ ಮಾತನ್ನು ಪೂರಾ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಶುಕ್ರವಾರ ಕೋಳಿ ಕೂಗುವ ಮುಂಚೆ ಬಂಗಾರೆವ್ವ ಗುಡಿಗೆ ಬಂದಳು. ಕಂಕುಳಲ್ಲಿ ಮಡಕೆ, ಬಾಯಿಗೆ ಬಾಳೆಲೆ ಕಟ್ಟಿತ್ತು. ಉಟ್ಟಿದ್ದುದು ತಾನೇ ಬಣ್ಣ ಹಾಕಿದ ಹಳೆಯ ಕೆಂಪು ಸೀರೆ.

"ಗುಡ್ಡಾನೂ ನೆರಳಿಗೆ ಬಿತ್ತು ಪೂಜಾರಪ್ಪ" ಎಂದಳು. "ಎರಡು ದಿನ ಆಯ್ತು ಹೆಪ್ಪು ಬಿಸಿಲು ಕಂಡು. ವಾಸನೆ ತಿರುಗ್ತಾ ಐತೆ. ಪಡುವಲಿಗೆ ಬರೀ ದಟ್ಟ ಕಾಡು. ಮೂಡಲಲ್ಲಿ ಬಿಸಿಲು ಎಲ್ಲೈತೋ ಅಲ್ಲಿಗೆ ಹೋಗ್ತೀನಿ. ತಾಯಿಗೆ ಹೇಳು."

"ನೀನೇ ಹೇಳು, ಇಲ್ಲೇ ಇದ್ದಾಳೆ."

ಅವಳು ಒಳಗೆ ನೋಡಿದಳು. ಆ ವರ್ಷ ತಾಯಿಗೆ ಹೊಸ ಸೀರೆ ಬಂದಿರಲಿಲ್ಲ. "ಅವಳಿಗೆ ಏನಂತ ಹೇಳ್ಲಿ" ಎಂದು ಮಡಕೆಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಗಾಡಿದಾರಿ ಹಿಡಿದಳು.

ಬೆಳಗಾಯಿತು. ಊರು ಹತ್ತತೊಡಗಿತು. ಗಾಣದ ದುಗ್ಗಪ್ಪ ಎತ್ತಿನ ಕಣ್ಣುಪಟ್ಟಿ ಬಿಚ್ಚಿ ಬಂದ. ಕುಂಬಾರಗಿತ್ತಿ ಹಸಿ ಮಡಕೆಗಳನ್ನು ಹಾಗೇ ಬಿಟ್ಟು ಬಂದಳು. ಸೂಲಗಿತ್ತಿ ಬಂದಳು, ಅವಳ ಹಿಂದೆ ಇನ್ನೂ ಹೆರದ ಬಸುರಿ ಬಂದಳು. ಅವಳನ್ನು ಇಬ್ಬರೆಂದು ಎಣಿಸಬೇಕೋ ಒಬ್ಬಳೆಂದೋ ಎಂದು ಮೆಟ್ಟಿಲ ಬಳಿ ವಾದವಾಯಿತು. ಈಟಿ ಸಾಲದೆ ಒನಕೆ, ಕವೆಗೋಲು, ಸೌಟು ಹಿಡಿದು ನಿಂತರು. ಒಬ್ಬೊಬ್ಬರು ಹತ್ತಿದಂತೆ ನೆರಳು ಬಂಗಾರೆವ್ವನನ್ನು ದಾಟಿ ಮುಂದೆ ಹೋಯಿತು. ಅವಳು ಹೆಜ್ಜೆ ಜೋರು ಮಾಡಿದಳು. ನೆರಳೂ ಜೋರು ಮಾಡಿತು. ದೂರದಲ್ಲಿ ಒಂದು ಬಿಸಿಲ ಗೆರೆ ಕಾಣುವುದು, ಅವಳು ಅಲ್ಲಿಗೆ ಮುಟ್ಟುವ ಹೊತ್ತಿಗೆ ಅದು ಇನ್ನೊಂದು ದಿಣ್ಣೆಯ ಮೇಲೆ ಇರುವುದು. ದಾರಿಯಲ್ಲಿ ಕೂತು ಮಡಕೆ ಕಲಕಿದಳು. ಕೈ ಸೋತಿತು. "ನಮ್ಮೋರೇ ಕಣಪ್ಪ ನನ್ನ ಬಿಸಿಲು ಹೊತ್ಕೊಂಡು ಹೋಗ್ತಿರೋದು" ಎಂದು ಒಬ್ಬಳೇ ನಕ್ಕಳಂತೆ. ಅತ್ತಳೋ ಏನೋ, ನನಗೆ ನಕ್ಕೆ ಎಂದಳು.

ಹೊತ್ತು ನೆತ್ತಿಯಿಂದ ಜಾರುವಾಗ ಸಂತೆ ಸಿಕ್ಕಿತು. ಸಂತೆ ಅಂದರೆ ಎದ್ದು ನಿಂತ ಸಂತೆ. ಮಡಚಿದ ಗೋಣಿಗಳು, ಹೂಡಿದ ಗಾಡಿಗಳು. ಕಾಸೀಂಸಾಬ ಒಂದು ಮೂಟೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದ. ಅವಳ ಸೀರೆ ನೋಡಿ ಎದ್ದುನಿಂತ. ಕೆಂಪು ಗೊತ್ತಿರುವವನು.

"ಬಾರವ್ವಾ. ನೀನು ಬಂದಂಗೆ ನೆರಳೂ ಬರ್ತೈತಲ್ಲ, ಕರ್ಕೊಂಡು ಬಂದ್ಯಾ ಹೆಂಗೆ?"

"ನಾನ್ಯಾಕೆ ಕರೀಲಿ. ಬಿಸಿಲು ಬೇಕು ನನಗೆ. ಒಂದು ಮಡಕೆಗಾಗೋವಷ್ಟು."

"ಒಂದು ಮಾತು ಹೇಳು. ನಿಮ್ಮೂರಲ್ಲಿ ಇನ್ನೂ ಹತ್ತದೇ ಇರೋರು ಯಾರಿದ್ದಾರೆ?"

ಅವಳು ಯೋಚಿಸಿದಳು. "ಗುಡಿ ಪೂಜಾರಪ್ಪ ಒಬ್ಬ."

ಕಾಸೀಂಸಾಬ ಎಲೆಯನ್ನು ದವಡೆಗೆ ಒತ್ತಿ, ನಿಧಾನಕ್ಕೆ ನಕ್ಕ. ಗಾಡಿಯವರ ಕಡೆ ತಿರುಗಿ ಕೂಗಿದ: "ಗಾಡಿ ಹೊಡೀರಪ್ಪಾ! ಇನ್ನೊಂದೇ ಹೊಲ. ಅದರಾಚೆ ಹಾಸ್ಕೊಳ್ಳಿ, ಇನ್ನು ಏಳೋ ಪ್ರಸಂಗ ಇಲ್ಲ. ಅವರ ಹತ್ರ ಜನ ಮುಗೀತು!"

ಒಂದು ಹೊಲ ದಾಟಿ, ಬಿಸಿಲಿನಲ್ಲಿ ಅವಳು ಮಡಕೆ ಇಳಿಸಿ, ಬಾಳೆಲೆ ಬಿಚ್ಚಿದಳು. ಹೆಪ್ಪಿನ ಮೇಲೆ ಕಂದು ಕೆನೆ ಕಟ್ಟಿತ್ತು. ಕಲಕುತ್ತಾ ಕೂತಳು.

ಇತ್ತ ಬುರುಜಿನ ಮೇಲೆ ಆನಂದವೋ ಆನಂದ. ಸಮುದ್ರ ಮುಟ್ಟಿರಲಿಲ್ಲ, ಆದರೂ ಅಂಥ ನೆರಳನ್ನು ಯಾರೂ ಕಂಡಿರಲಿಲ್ಲ. ಡಂಗುರದವನೂ ಮೇಲೇ ಇದ್ದುದರಿಂದ ಸಾರಿದ್ದನ್ನು ಕೇಳಲು ಕೆಳಗೆ ನಾನೊಬ್ಬನೇ. ಸ್ವಲ್ಪ ಹೊತ್ತಿಗೆ ಆ ಆನಂದದ ಮಧ್ಯೆ ಒಂದು ಮಗು ಅತ್ತಿತು. ಹಸಿವಿಗೆ. ಆಮೇಲೆ ಯಾರೋ ಕೇಳಿದರು, "ಇವತ್ತು ಅಡುಗೆ ಯಾರ ಪಾಳಿ?" ಎಲ್ಲರೂ ಮೇಲಿದ್ದರು.

"ಕೊಂಡು ತಂದರಾಯಿತು" ಎಂದರು ದಳವಾಯಿ. "ಇಷ್ಟು ನೆರಳೆಲ್ಲ ನಮ್ಮದೇ." ಬುರುಜಿನ ಅಂಚಿಗೆ ಬಂದು ಅಕ್ಕಿಗೆ ಬೆಲೆ ಸಾರಿದರು. ಯಾರೂ ತರಲಿಲ್ಲ. ಎರಡರಷ್ಟು ಬೆಲೆ ಸಾರಿದರು. ಅದಕ್ಕೂ ಎರಡರಷ್ಟು ಸಾರಿದರು. ಅಷ್ಟುದ್ದ ನೆರಳಿನಲ್ಲಿ ಒಂದು ಗಾಡಿಯಿರಲಿಲ್ಲ, ಒಂದು ಒಲೆ ಉರಿಯುತ್ತಿರಲಿಲ್ಲ. ಬೆಲೆ ನಮ್ಮದಿತ್ತು, ಅಕ್ಕಿ ನಮ್ಮದಿರಲಿಲ್ಲ.

ಆಗ ದಳವಾಯಿಗೆ ನೆರಳಿನ ತುದಿಯಲ್ಲಿ ಹೊಸದಾಗಿ ಹಾಸುತ್ತಿದ್ದ ಸಂತೆ ಕಂಡಿತು. ಒಂದೇ ಹೊಲ ಆಚೆ. "ಪೂಜಾರೀ!" ಎಂದು ಕೂಗಿದರು. "ನೀನೊಬ್ಬ ಹತ್ತಿದರೆ ಸಾಕು. ಸಂತೆ ನಮ್ಮದಾಗುತ್ತೆ!"

"ದೀಪದವನಿಗೆ ಪಹರೆ ಇಲ್ಲ ಬುದ್ಧಿ" ಎಂದೆ.

"ಈಗ ದೀಪ ಎಲ್ಲುರೀತಿದೆ? ಬೆಳಗಿನಿಂದ ಕತ್ತಲೆ!"

ನಿಜವೇ. ಎಣ್ಣೆಯಿರಲಿಲ್ಲ. "ಗಾಣದ ದುಗ್ಗಪ್ಪ ಅಲ್ಲೇ ನಿಮ್ಮ ಪಕ್ಕ ನಿಂತಿದ್ದಾನಲ್ಲ ಬುದ್ಧಿ. ಅವನು ಇಳಿದು ಎಣ್ಣೆ ಕೊಟ್ಟರೆ ನಾನು ದೀಪ ಹಚ್ಚಿ, ಪೂಜೆ ಮುಗಿಸಿ ಹತ್ತುತ್ತೇನೆ" ಎಂದೆ. ದಳವಾಯಿ ಲೆಕ್ಕ ಹಾಕಿದರು. ಒಬ್ಬ ಇಳಿದು ಒಬ್ಬ ಹತ್ತಿದರೆ ನೆರಳು ಇದ್ದಲ್ಲೇ. ಮೀಸೆ ತಿರುವಿದರು.

ಸೋಬಣ್ಣ ಅಂಚಿಗೆ ಬಗ್ಗಿ ನನ್ನನ್ನು ಕೇಳಿದ: "ಪೂಜಾರಪ್ಪ, ನಮ್ಮೋಳು ಎಲ್ಲಿ? ಹತ್ತಿದೋರಲ್ಲೂ ಕಾಣಲಿಲ್ಲ, ಬುತ್ತೀನೂ ಬರಲಿಲ್ಲ."

"ಹೆಪ್ಪು ಹೊತ್ಕೊಂಡು ಬಿಸಿಲು ಹುಡುಕ್ತಾ ಹೋದ್ಲು. ಮೂಡಲಿಗೆ."

ಅವನು ತಲೆಯೆತ್ತಿ ನೋಡಿದ. ನೆರಳಿನ ತುದಿ ಅಲ್ಲಿಂದ ಅಂಗೈ ಗೆರೆಯಂತೆ ಕಾಣುತ್ತದೆ ಎಂದೆನಲ್ಲ. ತುದಿಯಿಂದ ಒಂದು ಹೊಲ ಆಚೆ ಒಂದು ಕೆಂಪು ಚುಕ್ಕೆ. ಬಲಗೈಯಿಂದ ಕಲಕುತ್ತಿದೆ. ಸ್ವಲ್ಪ ಹೊತ್ತಿಗೆ ನಿಲ್ಲಿಸಿ, ಎಡಗೈಯಿಂದ ಬಲತೋಳನ್ನು ಒತ್ತಿಕೊಳ್ಳುತ್ತಿದೆ. ಮತ್ತೆ ಕಲಕುತ್ತಿದೆ.

ಅವನು ಈಟಿಯನ್ನು ಗೋಡೆಗೆ ಒರಗಿಸಿದ. ಎಸೆಯಲಿಲ್ಲ, ಕೋಲನ್ನು ಎಸೆಯುವ ಅಭ್ಯಾಸ ಬಣ್ಣಗಾರರಿಗಿಲ್ಲ.

"ಎಲ್ಲಿಗೆ?" ಎಂದರು ದಳವಾಯಿ.

"ಬಾನಿ ತೊಳೆದಿಡಬೇಕು ಬುದ್ಧಿ. ಹೆಪ್ಪು ವಾಪಸ್ ಬರೋವಾಗ ಬಾನಿ ಗಲೀಜಿದ್ರೆ ಹಿಡಿಯಲ್ಲ" ಎಂದು ಮೆಟ್ಟಿಲು ಇಳಿಯತೊಡಗಿದ.

ಅವನ ಹಿಂದೆ ನಿಂತಿದ್ದವನಿಗೆ ಬಾನಿಯ ಮಾತು ಕೇಳಿಸಲಿಲ್ಲ. ಸೋಬಣ್ಣ ಊಟಕ್ಕೆ ಹೊರಟ ಎಂದುಕೊಂಡ. ಎಲ್ಲೋ ಅಡುಗೆಯಾಗಿದೆ, ತನಗೆ ಮಾತ್ರ ಹೇಳಿಲ್ಲ! ಅವನೂ ಇಳಿದ. ಅವನ ಹಿಂದಿನವಳು ಮಗುವನ್ನು ಎತ್ತಿಕೊಂಡು ಇಳಿದಳು. ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ಮೆಟ್ಟಿಲ ತುಂಬ ಕಾಲುಗಳು. ಗಾಡಿದಾರಿಯ ಮೇಲೆ ನೆರಳು ಮದುವೆ ಮನೆಯ ಚಾಪೆಯ ಹಾಗೆ ಸುತ್ತಿಕೊಳ್ಳುತ್ತಾ ಹಿಂದೆ ಬಂತು. ಅದರ ಹಿಂದೆಯೇ ಬಿಸಿಲು. ಕೊನೆಗೆ ದಳವಾಯಿ ಒಬ್ಬರೇ ಉಳಿದರು. ಅವರೊಬ್ಬರ ನೆರಳು ಇಳಿದು ಬಂದು ನನ್ನ ಗುಡಿಯನ್ನೂ ದಾಟಿ, ಸಂತೆಮಾಳದ ಅಂಚಿನ ತಿಪ್ಪೆಯ ಹತ್ತಿರ ನಿಂತಿತು. ಒಂದು ಹೊಲ. ಮೋಸವಿಲ್ಲ.

ಬಂಗಾರೆವ್ವ ಮಾರನೆಯ ದಿನ ಕಾಸೀಂಸಾಬನ ಗಾಡಿಯಲ್ಲಿ ಬಂದಳು. ಬಾನಿ ತೊಳೆದು, ನೀರು ಕಾದು ಸಿದ್ಧವಾಗಿತ್ತು. ಮಡಕೆಯಲ್ಲಿ ಹೆಪ್ಪು ಅರ್ಧವೇ ಇತ್ತು.

"ಮಿಕ್ಕಿದ್ದು?" ಎಂದ ಸೋಬಣ್ಣ.

"ಕಾಸೀಂಸಾಬ್ರು ಕೇಳಿದ್ರು. ಕೇಳಿದೋರಿಗೆ ಇಲ್ಲ ಅನ್ನೋಕಾಗುತ್ತಾ?"

"ಇನ್ನು ಅವರ ಕೆಂಪೂ ಹೋಗಲ್ಲವಲ್ಲೇ!"

"ಹೋಗದಿದ್ರೆ ನಿನಗೇನು ಕಷ್ಟ? ನಾಳೆ ನಿನ್ನ ಬಾನಿ ಸತ್ರೆ ಹೆಪ್ಪು ತರೋಕೆ ಒಂದು ಪಕ್ಕದ ಮನೆ ಆಯ್ತು. ಕೋಲು ತಗೋ, ಕಲಕು."

ಆ ವರ್ಷ ತಾಯಿಯ ಸೀರೆ ತಡವಾಗಿ ಬಂತು. ಆದರೆ ಬಂತು. ಗಾಡಿಗಳೂ ಬಂದವು, ಹಿಂದಿನಷ್ಟಲ್ಲ. ಬೆಲೆಯನ್ನು ಈಗ ಕೊಡುವವರು ಕೊಳ್ಳುವವರು ಇಬ್ಬರೂ ಕೂತು ಮಾತಾಡುತ್ತಿದ್ದರು. ಮೊದಮೊದಲು ನಮ್ಮವರಿಗೆ ಇದು ವಿಚಿತ್ರವಾಗಿತ್ತು. ಎದುರಿಗಿರುವವನ ನಾಲಿಗೆಯೂ ಏಳುತ್ತದಲ್ಲ!

ದಳವಾಯಿ ಮಾತ್ರ ಬುರುಜು ಬಿಡಲಿಲ್ಲ. ಒಂದು ಹೊಲದ ನೆರಳನ್ನು ಕಾಯುತ್ತಾ ಒಬ್ಬರೇ ನಿಂತಿದ್ದರು. ತಿಪ್ಪೆಯವರೆಗೆ ಬೆಲೆ ಅವರದೇ. ಬೇಸಿಗೆ ಬಂತು. ಅವರ ರುಮಾಲು ಚಿಂದಿಯಾಗಿ ತಲೆ ಸುಡತೊಡಗಿತು. ಒಂದು ಮಧ್ಯಾಹ್ನ ಅಂಚಿಗೆ ಬಂದು ಕೂಗಿದರು: "ಬಂಗಾರೆವ್ವಾ, ಒಂದು ಕೆಂಪು ರುಮಾಲು ಬೇಕಮ್ಮ. ನೆರಳಿನ ಬೆಲೆಗೆ ಕಳಿಸು."

ಅವಳು ಬಯಲಿನಲ್ಲಿ, ನೆರಳಿನಿಂದ ಆಚೆ, ಬಟ್ಟೆ ಹರವುತ್ತಿದ್ದಳು. "ಬಿಸಿಲಿಗೆ ಬನ್ನಿ ಬುದ್ಧಿ, ಮಾತಾಡಾಣ" ಎಂದಳು.

ಆಮೇಲೆ ಮೆಟ್ಟಿಲಿನಲ್ಲಿ ಒಂದು ಜೊತೆ ಚಡಾವು ಮೆಟ್ಟುಗಳ ಸದ್ದು. ಅವರು ಕಡೆಯ ಮೆಟ್ಟಿಲು ಇಳಿದಾಗ ನನ್ನ ಗುಡಿಯ ಬಾಗಿಲಲ್ಲಿ ಬಿಸಿಲು ಬಿತ್ತು. ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ತಾಯಿಯ ಮುಖ ಅಷ್ಟು ಕಿರಿಯದೆಂದು ನನಗೆ ಗೊತ್ತೇ ಇರಲಿಲ್ಲ.

ದಳವಾಯಿ ಬಯಲಿಗೆ ಬಂದು ನಿಂತರು. ರಣಬಿಸಿಲು. ಕಣ್ಣಿಗೆ ಕೈ ಅಡ್ಡ ಹಿಡಿದು ಸುತ್ತ ನೋಡಿದರು. ಮರವಿಲ್ಲ, ಗೋಡೆಯಿಲ್ಲ. ಬಿದಿರ ಗಳುವಿನ ಮೇಲೆ ಆಗಷ್ಟೇ ಹಾಕಿದ್ದ ಒಂದು ಒದ್ದೆ ಸೀರೆ ಗಾಳಿಗೆ ಆಡುತ್ತಿತ್ತು. ಒಂದು ಹೆಜ್ಜೆ ಇಟ್ಟು, ಹಿಂಜರಿದು, ಇನ್ನೊಂದು ಹೆಜ್ಜೆ ಇಟ್ಟು, ಅದರ ಕೆಳಗೆ ನಿಂತುಕೊಂಡರು. ಕೆಂಪು ಹನಿಯೊಂದು ಅವರ ಹಣೆಯ ಮೇಲೆ ಬಿತ್ತು.

ಬಂಗಾರೆವ್ವ ಬಟ್ಟೆ ಹಿಂಡುತ್ತಾ ತಿರುಗಿ ನೋಡಿದಳು.

"ನಿಂತ್ಕೊಳ್ಳಿ ಬುದ್ಧಿ, ನಿಂತ್ಕೊಳ್ಳಿ" ಎಂದಳು. "ಆ ನೆರಳಿಗೆ ಏನೂ ಕೊಡೋದು ಬೇಡ. ರುಮಾಲಿನ ಮಾತು ಆಮೇಲೆ ಆಡಾಣ."